ಲಾಸ್ಟ್ ಇನ್ಸರ್ಟ್ ಐಡಿ: ಈಗಷ್ಟೇ ಸೇರಿದ ಸಾಲಿನ ಸಂಖ್ಯೆಯನ್ನು ಪಡೆಯುವ ಬಗೆ

ಡೇಟಾಬೇಸಿನ ಟೇಬಲ್ಲಿಗೆ ಹೊಸ ಸಾಲನ್ನು ಸೇರಿಸುವಾಗ ಅದರ ಐಡಿಯನ್ನು ಸಾಮಾನ್ಯವಾಗಿ ಡೇಟಾಬೇಸೇ ಕೊಡುತ್ತದೆ. ಈ ಸೌಲಭ್ಯವನ್ನು ಮೈಎಸ್‌ಕ್ಯೂಎಲ್‌ನಲ್ಲಿ ಆಟೋ ಇನ್‌ಕ್ರಿಮೆಂಟ್ ಎಂದೂ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಐಡೆಂಟಿಟಿ ಎಂದೂ ಕರೆಯುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಸೀಕ್ವೆನ್ಸ್ ಈ ಕೆಲಸ ಮಾಡುತ್ತದೆ. ಹೀಗೆ ತಾನಾಗಿ ಹುಟ್ಟಿದ ಸಂಖ್ಯೆಯನ್ನು ಪ್ರೋಗ್ರಾಮು ಕೂಡಲೇ ಮರಳಿ ಪಡೆಯುವುದನ್ನು 'ಲಾಸ್ಟ್ ಇನ್ಸರ್ಟ್ ಐಡಿ' ಎಂಬ ಹೆಸರಿನಿಂದ ಗುರುತಿಸುವುದು ರೂಢಿ.

ಪುಸ್ತಕದಂಗಡಿಯೊಂದರ ತಂತ್ರಾಂಶದಲ್ಲಿ ಆರ್ಡರ್ ಒಂದು ಟೇಬಲ್ಲಿನಲ್ಲಿಯೂ ಅದರೊಳಗಿನ ಪುಸ್ತಕಗಳು ಮತ್ತೊಂದರಲ್ಲಿಯೂ ಇರುತ್ತವೆ. ಆರ್ಡರಿನ ಸಾಲು ಸೇರಿ 501 ಎಂಬ ಐಡಿ ಸಿಕ್ಕ ಮೇಲೆ, ಪುಸ್ತಕಗಳ ಪ್ರತಿ ಸಾಲಿನಲ್ಲಿಯೂ ಅದೇ 501 ಅನ್ನು ಬರೆಯದಿದ್ದರೆ ಯಾವ ಪುಸ್ತಕ ಯಾರಿಗೆ ಹೋಗಬೇಕೆಂಬುದು ತಿಳಿಯುವುದಿಲ್ಲ.

ಹೊಸಬರು ಇಲ್ಲಿ ಟೇಬಲ್ಲಿನ ಅತಿ ದೊಡ್ಡ ಐಡಿಯನ್ನು ಹುಡುಕಿ ತರುವ ದಾರಿ ಹಿಡಿಯುವುದುಂಟು. ಒಬ್ಬರೇ ಕುಳಿತು ಪರೀಕ್ಷಿಸುವಾಗ ಅದು ಸರಿಯಾಗಿಯೇ ನಡೆಯುತ್ತದೆ, ಅಪಾಯವಿರುವುದೂ ಅಲ್ಲಿಯೇ. ನಮ್ಮ ಆರ್ಡರಿಗೆ 501 ಸಿಕ್ಕಿ, ನಾವು ಐಡಿ ಕೇಳುವಷ್ಟರಲ್ಲಿ ಇನ್ನೊಬ್ಬ ಗ್ರಾಹಕನ ಆರ್ಡರ್ 502 ಆಗಿ ಸೇರಿಬಿಟ್ಟರೆ, ನಮ್ಮ ಪುಸ್ತಕಗಳೆಲ್ಲ ಆತನ ಬಿಲ್ಲಿಗೆ ಸೇರುತ್ತವೆ, ಮತ್ತು ಡೇಟಾಬೇಸು ಯಾವ ದೋಷವನ್ನೂ ತೋರಿಸುವುದಿಲ್ಲ. ಈ ಪದ್ಧತಿಯನ್ನು ಪೂರ್ತಿಯಾಗಿ ಬಿಡಬೇಕೆಂದೇ ನನ್ನ ಸ್ಪಷ್ಟ ಅಭಿಪ್ರಾಯ.

ಮೈಎಸ್‌ಕ್ಯೂಎಲ್‌ನ ಲಾಸ್ಟ್ ಇನ್ಸರ್ಟ್ ಐಡಿ ಫಂಕ್ಷನ್ ಈ ತೊಡಕಿಗೆ ಸಿಲುಕುವುದಿಲ್ಲ, ಏಕೆಂದರೆ ಅದು ಪ್ರತಿಯೊಂದು ಕನೆಕ್ಷನ್‌ಗೂ ಪ್ರತ್ಯೇಕವಾಗಿ ಲೆಕ್ಕವಿಡುತ್ತದೆ. ಬೇರೆಯವರು ಎಷ್ಟು ಸಾಲು ಸೇರಿಸಿದರೂ ನಮ್ಮ ಕನೆಕ್ಷನ್ನಿಗೆ 501 ಎಂದೇ ಉತ್ತರ ಬರುತ್ತದೆ. ಆದ್ದರಿಂದಲೇ ಕನೆಕ್ಷನ್ ಪೂಲ್ (ಮೊದಲೇ ತೆರೆದಿಟ್ಟು ಹಂಚಿಕೊಳ್ಳುವ ಕನೆಕ್ಷನ್‌ಗಳ ಗುಂಪು) ಬಳಸುವವರು ಸಾಲು ಸೇರಿಸಿದ ಕನೆಕ್ಷನ್ನಿನಲ್ಲಿಯೇ ಐಡಿಯನ್ನೂ ಕೇಳಬೇಕು. ಒಂದೇ ಆದೇಶದಲ್ಲಿ 3 ಸಾಲು ಸೇರಿಸಿದರೆ ಈ ಫಂಕ್ಷನ್ ಕೊಡುವುದು ಮೊದಲನೆಯ ಸಾಲಿನ ಐಡಿಯನ್ನು, ಕೊನೆಯದನ್ನಲ್ಲ. ಹೆಸರಿನಲ್ಲಿ 'ಲಾಸ್ಟ್' ಇರುವುದರಿಂದ ಅನೇಕರು ತಪ್ಪು ತಿಳಿಯುತ್ತಾರೆ.

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಸಮಸ್ಯೆ ಬರುವುದು ಟ್ರಿಗರ್‌ನಿಂದ, ಅಂದರೆ ಸಾಲು ಸೇರಿದಾಗ ಡೇಟಾಬೇಸಿನಲ್ಲಿ ತಾನಾಗಿ ನಡೆಯುವ ಆದೇಶಗಳಿಂದ. ಆರ್ಡರ್ ಸೇರಿದೊಡನೆ ಟ್ರಿಗರ್ ಒಂದು ಲಾಗ್ (ದಾಖಲೆ) ಟೇಬಲ್ಲಿನಲ್ಲಿಯೂ ಸಾಲು ಬರೆಯುವಂತಿದ್ದು, ಆ ಟೇಬಲ್ಲಿಗೂ ಐಡೆಂಟಿಟಿ ಇದ್ದರೆ, ಎರಡು ಅಟ್ ಚಿಹ್ನೆಗಳ ಹಳೆಯ 'ಐಡೆಂಟಿಟಿ' (@@IDENTITY) ಲಾಗಿನ ಸಂಖ್ಯೆಯನ್ನು ಕೊಡುತ್ತದೆ. 'ಸ್ಕೋಪ್ ಐಡೆಂಟಿಟಿ' ನಮ್ಮದೇ ವ್ಯಾಪ್ತಿಯ ಸಂಖ್ಯೆಯನ್ನಷ್ಟೇ ಕೊಡುವುದರಿಂದ ಅದು ಮೇಲು.

ಇವೆಲ್ಲಕ್ಕಿಂತ ನೇರವಾದ ದಾರಿಯೆಂದರೆ ಸೇರಿಸುವ ಆದೇಶದಲ್ಲಿಯೇ ಐಡಿಯನ್ನೂ ಕೇಳುವುದು. ಪೋಸ್ಟ್‌ಗ್ರೆಸ್ 2006ರ 8.2 ಆವೃತ್ತಿಯಿಂದಲೂ ಎಸ್‌ಕ್ಯೂಲೈಟ್ 2021ರ 3.35 ಆವೃತ್ತಿಯಿಂದಲೂ 'ರಿಟರ್ನಿಂಗ್' ಎಂಬ ಪದವನ್ನು ಇದಕ್ಕಾಗಿ ಒದಗಿಸಿವೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 'ಔಟ್‌ಪುಟ್' ಇದೆ. 3 ಸಾಲು ಸೇರಿಸಿದರೆ ಮೂರರ ಐಡಿಗಳೂ ಮರಳಿ ಬರುತ್ತವೆ, ಮತ್ತೊಂದು ಪ್ರಶ್ನೆ ಕಳುಹಿಸುವ ಅಗತ್ಯವಿರುವುದಿಲ್ಲ.

ಸಿಕ್ಕ ಐಡಿಗಳು ಬಿಡುವಿಲ್ಲದೆ ಅನುಕ್ರಮವಾಗಿರುತ್ತವೆಂದು ಮಾತ್ರ ನಂಬಬಾರದು. 501 ಪಡೆದ ಟ್ರಾನ್ಸಾಕ್ಷನ್ (ಒಟ್ಟಿಗೆ ನಡೆಯುವ ಆದೇಶಗಳ ಗುಂಪು) ರೋಲ್‌ಬ್ಯಾಕ್ ಆದರೆ, ಅಂದರೆ ರದ್ದಾದರೆ, ಸಾಲು ಅಳಿದುಹೋಗುತ್ತದೆಯಾದರೂ ಆ ಸಂಖ್ಯೆ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. ಮುಂದಿನ ಆರ್ಡರಿಗೆ 502 ಸಿಗುತ್ತದೆ. ಹೀಗಾಗಿ ನಡುವೆ ಸಂಖ್ಯೆ ತಪ್ಪದಂತೆ ಇರಬೇಕಾದ ಬಿಲ್ ನಂಬರಿಗೆ ಈ ಐಡಿಯನ್ನು ಬಳಸದೆ, ಪ್ರತ್ಯೇಕ ವ್ಯವಸ್ಥೆಯನ್ನೇ ಮಾಡಿಕೊಳ್ಳಬೇಕು.