ತೋಟದ ಮನೆಯ ನಾಯಿಯನ್ನು ರಾತ್ರಿ ಕಟ್ಟಬೇಕಾ, ಬಿಡಬೇಕಾ?

ಓದುಗರ ಪ್ರಶ್ನೆ: ಕೊರಟಗೆರೆ ತಾಲ್ಲೂಕಿನಲ್ಲಿ ಗುಡ್ಡದ ಬುಡಕ್ಕೆ ನಮ್ಮ ತೋಟದ ಮನೆ ಇದೆ. ಹೋದ ತಿಂಗಳು ಬಾಗಿಲ ಮುಂದೆ ಕಟ್ಟಿದ್ದ ನಾಯಿಯನ್ನು ಚಿರತೆ ಹಿಡಿದುಕೊಂಡು ಹೋಯಿತು. ಕಟ್ಟಿದ್ದೇ ತಪ್ಪು, ಬಿಟ್ಟಿದ್ದರೆ ಓಡಿ ತಪ್ಪಿಸಿಕೊಳ್ಳುತ್ತಿತ್ತು ಅಂತ ಅಕ್ಕಪಕ್ಕದವರು ಹೇಳುತ್ತಾರೆ. ದೊಡ್ಡ ಜಾತಿ ನಾಯಿ ತನ್ನಿ ಅಂತ ಇನ್ನು ಕೆಲವರು. ಮತ್ತೆ ನಾಯಿ ಸಾಕುವ ಆಸೆ ಇದೆ, ಭಯವೂ ಇದೆ. ಏನು ಮಾಡೋದು?

ಉತ್ತರ: ಕಟ್ಟುವುದೂ ಬೇಡ, ಬಿಡುವುದೂ ಬೇಡ. ಕತ್ತಲಾದ ಮೇಲೆ ನಾಯಿಯನ್ನು ಒಳಗೆ ಕೂಡಿ. ಮನೆಯೊಳಗೆ ಬಿಟ್ಟುಕೊಳ್ಳುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಆಗಲ್ಲ ಅನ್ನುವವರು ನಾಲ್ಕು ಕಡೆ ಜಾಲರಿ, ಮೇಲೆ ಗಟ್ಟಿ ಮುಚ್ಚಿಗೆ, ಚಿಲಕ ಇರುವ ಗೂಡು ಮಾಡಿಸಿ.

ಇದು ನಿಮ್ಮೊಬ್ಬರ ಪ್ರಶ್ನೆ ಅಲ್ಲ. ದೇವರಾಯನದುರ್ಗ, ಸಿದ್ದರಬೆಟ್ಟದ ಸುತ್ತಮುತ್ತ, ಮಧುಗಿರಿಯ ಕಲ್ಲುಗುಡ್ಡಗಳ ಪಕ್ಕ, ಕುಣಿಗಲ್ ಮತ್ತು ಗುಬ್ಬಿ ಕಡೆಯ ತೆಂಗು, ಅಡಿಕೆ ತೋಟಗಳಲ್ಲಿ ನಾಯಿ ಸಾಕಿದ ಯಾರನ್ನು ಕೇಳಿದರೂ ಇಂಥ ಒಂದು ಕಥೆ ಇರುತ್ತದೆ. ನಮ್ಮ ತುಮಕೂರು ಜಿಲ್ಲೆಯ ಚಿರತೆಗೆ ದೊಡ್ಡ ಕಾಡು ಬೇಕಾಗಿಲ್ಲ. ಹಗಲು ಮಲಗೋಕೆ ಒಂದು ಬಂಡೆ ಸಂದು ಅಥವಾ ಲಂಟಾನ ಪೊದೆ, ಕುಡಿಯೋಕೆ ನೀರು, ರಾತ್ರಿ ತಿನ್ನೋಕೆ ಏನಾದರೂ ಇದ್ದರೆ ಸಾಕು. ಉಳುಮೆ ನಿಲ್ಲಿಸಿ ಬೀಳು ಬಿಟ್ಟ ಹೊಲವೂ ಎರಡು ಮಳೆಗಾಲದಲ್ಲಿ ಅದಕ್ಕೆ ಒಳ್ಳೆ ಮರೆಯಾಗುತ್ತದೆ.

ನಾಯಿಯೇ ಯಾಕೆ ಅಂತ ಅನ್ನಿಸಬಹುದು. 10ರಿಂದ 40 ಕೆಜಿ ತೂಗುವ ಪ್ರಾಣಿ ಚಿರತೆಗೆ ಹಿಡಿಯೋಕೂ ಸಲೀಸು, ಎಳೆದುಕೊಂಡು ಹೋಗೋಕೂ ಸಲೀಸು. ನಮ್ಮ ಊರುನಾಯಿ ಸರಿಯಾಗಿ ಆ ಲೆಕ್ಕಕ್ಕೆ ಬರುತ್ತದೆ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನಲ್ಲಿ ಸಂಶೋಧಕರು ಚಿರತೆಗಳ ಹಿಕ್ಕೆ ತಂದು ಪರೀಕ್ಷೆ ಮಾಡಿದ್ದರು. ಕಬ್ಬಿನ ಗದ್ದೆ, ಊರು, ಜನ ತುಂಬಿರುವ ಜಾಗ ಅದು. ಅಲ್ಲಿನ ಚಿರತೆ ತಿಂದಿದ್ದರಲ್ಲಿ ತೂಕದ ಲೆಕ್ಕದಲ್ಲಿ 39 ಪರ್ಸೆಂಟ್ ನಾಯಿ. ಮೇಕೆ ಬರೀ 11 ಪರ್ಸೆಂಟ್. ಆದರೆ ಆ ಊರುಗಳಲ್ಲಿ ಮೇಕೆಗಳು ನಾಯಿಗಳಿಗಿಂತ ಏಳು ಪಟ್ಟು ಜಾಸ್ತಿ ಇದ್ದವು. ಮೇಕೆಯನ್ನು ರಾತ್ರಿ ನಾವು ಕೂಡುತ್ತೇವೆ, ಕಾಯುತ್ತೇವೆ. ಒಂದು ಮರಿಗೂ ಬೆಲೆ ಇದೆ ಅಂತ ಬಾಗಿಲು ಹಾಕಿ ಚಿಲಕ ಹಾಕುತ್ತೇವೆ. ನಾಯಿ ಮಾತ್ರ ಅಂಗಳದಲ್ಲಿ. ನನಗೆ ಮನಸ್ಸಿಗೆ ನಾಟಿದ್ದು ಇದೇ. ಮೇಕೆಗೆ ಕೊಡುವಷ್ಟು ಗೋಡೆಯನ್ನು ನಾಯಿಗೂ ಕೊಟ್ಟರೆ ಈ ಸಾವುಗಳಲ್ಲಿ ಬಹುಪಾಲು ತಪ್ಪುತ್ತವೆ.

ಸರಪಳಿಯಲ್ಲಿ ಕಟ್ಟಿದ ನಾಯಿಗೆ ಓಡುವ ದಾರಿಯೇ ಇಲ್ಲ, ಅದು ನಿಮಗೇ ಗೊತ್ತಾಗಿದೆ. ಹಾಗಂತ ಬಿಟ್ಟ ನಾಯಿ ಬಚಾವ್ ಆಗುತ್ತದೆ ಅನ್ನೋದೂ ನಿಜ ಅಲ್ಲ. ಚಿರತೆ ದೂರದಿಂದ ಅಟ್ಟಿಸಿಕೊಂಡು ಬರುವ ಪ್ರಾಣಿ ಅಲ್ಲ. ಹೊಟ್ಟೆ ನೆಲಕ್ಕೆ ತಾಗಿಸಿ ಬೇಲಿ ಮರೆ, ಹುಲ್ಲಿನ ಮೆದೆ ಮರೆಯಲ್ಲಿ ಹತ್ತಿರ ಬಂದು, ಒಂದೇ ನೆಗೆತಕ್ಕೆ ಕುತ್ತಿಗೆ ಹಿಡಿಯುತ್ತದೆ. ನಾಯಿಗೆ ಗೊತ್ತಾಗುವ ಹೊತ್ತಿಗೆ ಓಡೋಕೆ ಸಮಯವೇ ಇರಲ್ಲ. ಜೊತೆಗೆ, ಬಿಟ್ಟ ನಾಯಿ ಸದ್ದು ಕೇಳಿದ ಕಡೆ ಬೊಗಳುತ್ತಾ ಹೋಗುತ್ತದೆ. ಕತ್ತಲಲ್ಲಿ ತಾನಿರುವ ಜಾಗವನ್ನು ತಾನೇ ಸಾರಿ ಹೇಳಿದ ಹಾಗೆ ಅದು.

ಕುತ್ತಿಗೆಗೆ ಮುಳ್ಳಿನ ಪಟ್ಟಿ ಹಾಕಿದರೆ ಹೇಗೆ ಅಂತ ಕೇಳುವವರಿದ್ದಾರೆ. ಹಿಮಾಲಯದ ಕುರಿಗಾಹಿಗಳು ತಮ್ಮ ನಾಯಿಗಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಹಾಕುತ್ತಾರೆ. ಮೊದಲ ಪಟ್ಟು ಕುತ್ತಿಗೆಗೇ ಬೀಳುವುದರಿಂದ ಸ್ವಲ್ಪ ಉಪಯೋಗ ಇದೆ. ಆದರೆ ಅವು ದೊಡ್ಡ ಮೈಯ ನಾಯಿಗಳು. 15 ಕೆಜಿಯ ನಮ್ಮ ನಾಯಿಗೆ ಪಟ್ಟಿಯನ್ನೇ ನಂಬಿ ಅಂಗಳದಲ್ಲಿ ಬಿಡೋಕಾಗಲ್ಲ.

ಇನ್ನು ಗೂಡಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮನೆಯ ಗೋಡೆಗೆ ಅಂಟಿಸಿ, ನೀವು ಮಲಗುವ ಕೋಣೆಯ ಕಿಟಕಿ ಹತ್ತಿರ ಕಟ್ಟಿಸಿ. ತೋಟದ ಆ ತುದಿಯಲ್ಲಿ, ಪಂಪ್‌ಸೆಟ್ ಮನೆ ಪಕ್ಕದಲ್ಲಿ ಬೇಡ. ನಾಯಿ ಎದ್ದು ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗ ಇರಲಿ. ಕೆಳಗೆ ಕಲ್ಲುಚಪ್ಪಡಿ ಅಥವಾ ಸಿಮೆಂಟ್ ನೆಲ. ಮಣ್ಣಿನ ನೆಲವಾದರೆ ಒಳಗಿನಿಂದ ನಾಯಿ ಕೆರೆಯುತ್ತದೆ, ಹೊರಗಿನಿಂದ ಚಿರತೆ ಕೆರೆಯುತ್ತದೆ. ಸುತ್ತ ಆಂಗಲ್ ಕಬ್ಬಿಣದ ಚೌಕಟ್ಟಿಗೆ ಬೆಸುಗೆ ಹಾಕಿದ ದಪ್ಪ ಜಾಲರಿ. ಪಂಜಾ ತೂರದಷ್ಟು ಸಣ್ಣ ಕಣ್ಣಿನದೇ ಇರಲಿ. ಕೋಳಿಗೂಡಿಗೆ ಹಾಕುವ ತೆಳು ಜಾಲರಿ ಇದಕ್ಕೆ ಆಗಲ್ಲ. ಸುಮ್ನೆ ಮನಸ್ಸಿನ ಸಮಾಧಾನಕ್ಕೆ ಅಷ್ಟೆ.

ಎಲ್ಲಕ್ಕಿಂತ ಮುಖ್ಯ, ಮೇಲೆ ಮುಚ್ಚುವ ಶೀಟಿಗೂ ಗೋಡೆಗೂ ನಡುವೆ ಗಾಳಿಗೆ ಅಂತ ಬಿಡುವ ಸಂದು. ಕುರಿ ಕೊಟ್ಟಿಗೆಗೆ ಚಿರತೆ ನುಗ್ಗುವುದು ಅಲ್ಲಿಂದಲೇ. ಬಾಗಿಲು ಭದ್ರ ಇರುತ್ತದೆ, ಮೇಲೆ ಒಂದೂವರೆ ಅಡಿ ಬಯಲು. ಆ ಸಂದಿಗೂ ಜಾಲರಿ ಹೊಡೆಸಿ. ಶೀಟನ್ನು ಕಲ್ಲು ಹೇರಿ ನಿಲ್ಲಿಸಬೇಡಿ, ಬೋಲ್ಟ್ ಹಾಕಿಸಿ. ಬಾಗಿಲಿಗೆ ದಾರ, ತಂತಿ ಸುತ್ತುವ ಬದಲು ಚಿಲಕ ಇರಲಿ.

ಹಾಗಾದರೆ ಕಾವಲು ಯಾರು ಕಾಯಬೇಕು ಅಂತ ಕೇಳುತ್ತೀರಿ. ನಾಯಿಯೇ, ಒಳಗಿನಿಂದ. ಅದರ ಕೆಲಸ ಸುದ್ದಿ ಮುಟ್ಟಿಸುವುದು, ಹೋರಾಡುವುದಲ್ಲ. ಜನ ಬಂದರೆ ಒಂದು ಬೊಗಳು, ಹಂದಿ ಬಂದರೆ ಇನ್ನೊಂದು. ಕೆಲವು ದಿನ ಕಿವಿಗೊಟ್ಟರೆ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ. ಚಿರತೆಯ ವಾಸನೆ ಸಿಕ್ಕಾಗ ಎಷ್ಟೋ ನಾಯಿಗಳು ಬೊಗಳುವುದೇ ಇಲ್ಲ. ಬಾಲ ಮುದುರಿ, ಮೂಲೆಗೆ ಮೈ ಒತ್ತಿ, ಸಣ್ಣಗೆ ಕುಂಯ್‌ಗುಡುತ್ತವೆ. ಬೆನ್ನಿನ ಮೇಲೆ ಕೈ ಇಟ್ಟರೆ ಕೂದಲು ನಿಮಿರಿರುತ್ತದೆ, ಮೈ ನಡುಗುತ್ತಿರುತ್ತದೆ. ಹಾಗೆ ಆದ ರಾತ್ರಿ ಟಾರ್ಚ್ ಹಿಡಿದು ಹೊರಗೆ ಹೋಗಬೇಡಿ. ಹೊರಗಿನ ಲೈಟ್ ಹಾಕಿ, ಒಳಗಿನಿಂದಲೇ ತಟ್ಟೆ ಬಡಿಯಿರಿ, ಜೋರಾಗಿ ಮಾತಾಡಿ. ಬೆಳಿಗ್ಗೆ ಹೆಜ್ಜೆ ಕಂಡರೆ ಅರಣ್ಯ ಇಲಾಖೆಯ 1926 ನಂಬರಿಗೆ ಹೇಳಿ.

ಬೋನು ಇಟ್ಟು ಹಿಡಿದುಕೊಂಡು ಹೋಗಲಿ ಅಂತ ಎಲ್ಲರೂ ಒತ್ತಾಯ ಮಾಡುತ್ತಾರೆ. ಭಯದಲ್ಲಿ ಹಾಗೆ ಅನ್ನಿಸೋದು ಸಹಜ. ನಮ್ಮ ಜಿಲ್ಲೆಯಲ್ಲಿ ಮನುಷ್ಯರನ್ನೂ ಚಿರತೆ ಕೊಂದಿದೆ, ಅಂಥ ಕಡೆ ಹಿಡಿಯಲೇಬೇಕು. ಆದರೆ ನಾಯಿ ಹಿಡಿದ ಪ್ರತಿ ಚಿರತೆಯನ್ನೂ ಸಾಗಿಸುವುದರಿಂದ ತೊಂದರೆ ಕಡಿಮೆ ಆಗಲ್ಲ. ಮಹಾರಾಷ್ಟ್ರದ ಜುನ್ನಾರ್ ಭಾಗದಲ್ಲಿ ಹೀಗೆ ಹಿಡಿದು ಬೇರೆ ಕಾಡಿಗೆ ಬಿಡುತ್ತಾ ಹೋದ ಮೇಲೆ, 2001ರಿಂದ 2003ರ ನಡುವೆ ಜನರ ಮೇಲಿನ ದಾಳಿ ಏರಿತು. ಖಾಲಿ ಆದ ಜಾಗಕ್ಕೆ ಇನ್ನೊಂದು ಚಿರತೆ ಬರುತ್ತದೆ. ನಾಯಿ ಅಂಗಳದಲ್ಲೇ ಇದ್ದರೆ ಅದೂ ಅಲ್ಲಿಗೇ ಬರುತ್ತದೆ. ಕೋಳಿ ಅಂಗಡಿ, ಫಾರಂಗಳ ಕಸವನ್ನು ರಸ್ತೆ ಬದಿ ಹಳ್ಳಕ್ಕೆ ಸುರಿಯುವುದನ್ನು ಊರಿನವರು ಸೇರಿ ನಿಲ್ಲಿಸಿದರೆ ಅದರಿಂದ ನಿಜವಾದ ಉಪಯೋಗ ಇದೆ. ಕಸಕ್ಕೆ ಬೀದಿನಾಯಿ, ಬೀದಿನಾಯಿಗೆ ಚಿರತೆ.

ಇಷ್ಟು ರಾತ್ರಿಯ ಮಾತು. ನಿಮ್ಮ ಊರಿನ ಕಡೆ ಕರಡಿಯೂ ಇದೆ, ಅದನ್ನು ಬಿಡುವ ಹಾಗಿಲ್ಲ. ಹಲಸು, ಸೀತಾಫಲ ಹಣ್ಣಾಗುವ ಕಾಲದಲ್ಲಿ, ಹುತ್ತ ಒದ್ದೆಯಾದ ಮಳೆ ದಿನಗಳಲ್ಲಿ ಅದು ಗುಡ್ಡ ಇಳಿದು ಬರುತ್ತದೆ. ಕರಡಿಗೆ ಮೂಗು ಚುರುಕು, ಕಣ್ಣು ಮಂದ. ತಿನ್ನುವುದರಲ್ಲಿ ಮುಳುಗಿದಾಗ ನಾವು ಹತ್ತಿರ ಬಂದಿದ್ದು ಅದಕ್ಕೆ ಗೊತ್ತೇ ಆಗಲ್ಲ. ದಿಢೀರ್ ಎದುರಾದರೆ ಗಾಬರಿಯಿಂದ ಮೇಲೆ ಬೀಳುತ್ತದೆ. ಇಲ್ಲಿ ಬಿಟ್ಟ ನಾಯಿಯಿಂದ ಬೇರೆ ಥರದ ಅಪಾಯ. ಮುಂದೆ ಓಡಿ ಕರಡಿಯನ್ನು ಕೆಣಕುತ್ತದೆ, ಅದು ತಿರುಗಿ ಬಿದ್ದರೆ ಯಜಮಾನನ ಕಾಲ ಬುಡಕ್ಕೆ ಓಡಿ ಬರುತ್ತದೆ. ಹಿಂದೆಯೇ ಕರಡಿ. ಬೆಳಗಿನ ಜಾವ, ಸಂಜೆ ತೋಟ ಸುತ್ತುವಾಗ ಹಗ್ಗ ಕೈಯಲ್ಲೇ ಇರಲಿ. ಮಾತಾಡುತ್ತಾ, ಕೋಲು ಬಡಿಯುತ್ತಾ ನಡೆಯಿರಿ.

ಹಾವಿನ ವಿಷಯ ಇನ್ನೂ ಹತ್ತಿರದ್ದು. ನಮ್ಮ ತೋಟಗಳಲ್ಲಿ ಕೊಳಕುಮಂಡಲ, ನಾಗರಹಾವು, ಕಟ್ಟುಹಾವು ಇವೆ. ಕಲ್ಲು ಜಾಸ್ತಿ ಇರುವ ಒಣ ನೆಲದಲ್ಲಿ ಗರಗಸ ಮಂಡಲವೂ ಸೇರುತ್ತದೆ. ತೆಂಗಿನ ಗರಿ, ಮಟ್ಟೆಯ ರಾಶಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ನಾಯಿ ಮೂಗು ಹಾಕುವುದೂ ಅಲ್ಲಿಗೇ. ಅದಕ್ಕೇ ಕಡಿತ ಸಾಮಾನ್ಯವಾಗಿ ಮುಖಕ್ಕೆ, ಇಲ್ಲ ಮುಂಗಾಲಿಗೆ ಬೀಳುತ್ತದೆ. ಮಂಡಲ ಕಚ್ಚಿದರೆ ಮುಖ ಬೇಗ ಊದುತ್ತದೆ, ಒಸಡಿನಲ್ಲಿ ರಕ್ತ ಒಸರಬಹುದು, ಮೂತ್ರ ಕೆಂಪಾಗಬಹುದು. ನಾಗರ ಅಥವಾ ಕಟ್ಟುಹಾವಿನದಾದರೆ ಹಿಂಗಾಲು ಸೋಲುತ್ತದೆ, ರೆಪ್ಪೆ ಜೋಲುತ್ತದೆ, ಜೊಲ್ಲು ಸುರಿಯುತ್ತದೆ, ಕೊನೆಗೆ ಉಸಿರು ನಿಲ್ಲುತ್ತದೆ. ಕಟ್ಟುಹಾವಿನ ಕಡಿತದ ಗುರುತು ಕೂದಲ ನಡುವೆ ಕಾಣುವುದೇ ಇಲ್ಲ.

ಹಾವು ಕಚ್ಚಿದೆ ಅಂತ ಅನುಮಾನ ಬಂದರೆ ಮೊದಲು ಕುತ್ತಿಗೆಯ ಪಟ್ಟಿ ಬಿಚ್ಚಿ. ಮುಖ ಊದಿದಾಗ ಅದೇ ಉರುಳಾಗುತ್ತದೆ. ಹಗ್ಗ ಬಿಗಿಯುವುದು, ಕೊಯ್ಯುವುದು, ಸುಣ್ಣ ಹಚ್ಚುವುದು, ಬಾಯಿಗೆ ಸೊಪ್ಪಿನ ರಸ ಹಿಂಡುವುದು ಯಾವುದೂ ಬೇಡ. ನಡೆಸಬೇಡಿ, ಎತ್ತಿಕೊಂಡು ಹೋಗಿ. ಮನುಷ್ಯರಿಗೆ ಕೊಡುವ ವಿಷನಿರೋಧಕ ಚುಚ್ಚುಮದ್ದೇ ನಾಯಿಗೂ ಕೆಲಸ ಮಾಡುತ್ತದೆ. ಈ ನಾಲ್ಕು ಹಾವುಗಳ ವಿಷಕ್ಕೂ ಅದು ಒಂದೇ ಔಷಧಿ. ಆದರೆ ಎಲ್ಲ ಪಶು ಆಸ್ಪತ್ರೆಯಲ್ಲೂ ಅದು ಸ್ಟಾಕ್ ಇರಲ್ಲ. ಹಾಗಾಗಿ ಈ ವಾರವೇ ಒಂದು ಕೆಲಸ ಮಾಡಿ. ಕೊರಟಗೆರೆಯಲ್ಲಿ ಯಾರ ಹತ್ತಿರ ಸಿಗುತ್ತದೆ, ರಾತ್ರಿ ಆದರೆ ತುಮಕೂರಿನಲ್ಲಿ ಯಾರು ಬಾಗಿಲು ತೆರೆಯುತ್ತಾರೆ ಅಂತ ಫೋನ್ ಮಾಡಿ ಕೇಳಿ, ನಂಬರನ್ನು ಗೋಡೆಗೆ ಬರೆದಿಡಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962.

ಮುಳ್ಳುಹಂದಿಯ ಮುಳ್ಳು ಮೂತಿಗೆ ಚುಚ್ಚಿದ್ದರೆ ಎಳೆದು ಮುರಿಯಬೇಡಿ, ಡಾಕ್ಟರ್ ತೆಗೆಯಲಿ. ಕಾಡುಹಂದಿ ಸೀಳಿದ ಗಾಯ ಹೊರಗೆ ಸಣ್ಣದಾಗಿ ಕಂಡರೂ ಒಳಗೆ ಆಳ ಇರುತ್ತದೆ. ಹಂದಿಗೆ ಅಂತ ಬೇಲಿಯಲ್ಲಿ ಇಡುವ ಉರುಳು, ಸಿಡಿಮದ್ದಿನ ಉಂಡೆ ಇವೆಯಲ್ಲ, ಅವು ಹಂದಿ ಯಾವುದು ನಾಯಿ ಯಾವುದು ಅಂತ ನೋಡಲ್ಲ. ದವಡೆಯೇ ಹೋಗುತ್ತದೆ. ಅವನ್ನು ಇಡುವುದು ಅಪರಾಧ ಕೂಡ. ನಿಮ್ಮ ಬೇಲಿಯಲ್ಲಿ ಯಾರಾದರೂ ಇಟ್ಟಿದ್ದರೆ ದಯವಿಟ್ಟು ಸುಮ್ಮನಿರಬೇಡಿ.

ನಾಯಿಗೆ ಕಾಡುಪ್ರಾಣಿಯಿಂದ ಏನಾಗುತ್ತದೆ ಅಂತಷ್ಟೇ ನಾವು ಯೋಚಿಸುತ್ತೇವೆ. ಕಾಡುಪ್ರಾಣಿಗೆ ನಮ್ಮ ನಾಯಿಯಿಂದ ಆಗುವುದೂ ಕಡಿಮೆ ಏನಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲು ನೋಡಿದ್ದೀರಾ? 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಘೋಷಣೆ ಆದ 798 ಎಕರೆ. ಕೃಷ್ಣಮೃಗದ ಮರಿ ಹುಟ್ಟಿದ ಮೊದಲ ದಿನಗಳಲ್ಲಿ ಓಡುವುದಿಲ್ಲ. ಹುಲ್ಲಿನಲ್ಲಿ ಅಲ್ಲಾಡದೆ ಮಲಗಿರುತ್ತದೆ. ಬೇಟೆ ಪ್ರಾಣಿಯ ಕಣ್ಣು ತಪ್ಪಿಸೋಕೆ ಎಷ್ಟೋ ಸಲ ಅದು ಸಾಕು, ಹಿಂಡು ಕಟ್ಟಿಕೊಂಡು ಮೂಸುತ್ತಾ ಬರುವ ಊರುನಾಯಿಗಳಿಗೆ ಸಾಲದು. ನವಿಲು ಮಳೆಗಾಲದಲ್ಲಿ ನೆಲದ ಮೇಲೇ ಮೊಟ್ಟೆ ಇಡುತ್ತದೆ. ಉಡ, ಮೊಲ, ನರಿ, ಎಲ್ಲವೂ ಬಿಟ್ಟ ನಾಯಿಯ ದಾರಿಗೆ ಸಿಗುತ್ತವೆ. ರೋಗವೂ ಹಾಗೇ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಸಿಂಹಗಳು ಸತ್ತಾಗ ಅವುಗಳಲ್ಲಿ ಡಿಸ್ಟೆಂಪರ್ ವೈರಸ್ ಸಿಕ್ಕಿತ್ತು. ನಾಯಿಗಳಲ್ಲಿ ಸಾಮಾನ್ಯವಾಗಿ ಕಾಣುವ ರೋಗ ಅದು. ನಾಯಿಗೆ ಲಸಿಕೆ ಹಾಕಿಸಿದರೆ ನಿಮ್ಮ ಗುಡ್ಡದ ನರಿಗೂ ರಕ್ಷಣೆ.

ಕೊನೆಯದಾಗಿ, ದೊಡ್ಡ ಜಾತಿ ನಾಯಿ. ಚಿರತೆಗೆ ಎದುರು ನಿಲ್ಲಲಿ ಅಂತ ತರುವುದಾದರೆ ಬೇಡ. 50 ಕೆಜಿಯ ಗಂಡು ಚಿರತೆಯ ಮುಂದೆ ಯಾವ ಸಾಕುನಾಯಿಯೂ ಒಂಟಿಯಾಗಿ ನಿಲ್ಲಲಾರದು. ಮುಧೋಳ ನಾಯಿ ನನಗೂ ತುಂಬ ಇಷ್ಟ. ಆದರೆ ಓಡುವುದನ್ನು ಕಂಡರೆ ಅಟ್ಟುವುದು ಅದರ ರಕ್ತದಲ್ಲೇ ಇದೆ. ಗುಡ್ಡದ ಬುಡದಲ್ಲಿ ಅದನ್ನು ಹಿಡಿದಿಡುವುದು ಕಷ್ಟ. ಮೊಲದ ಬೇಟೆಗೆ ನಾಯಿ ಕೊಡಿ ಅಂತ ಕೇಳಿಕೊಂಡು ಬರುವವರೂ ಇರುತ್ತಾರೆ, ಒಪ್ಪಬೇಡಿ. ನಮ್ಮ ಊರುನಾಯಿಯ ಮರಿಯೇ ಸಾಕು. ಬಿಸಿಲಿಗೆ ಒಗ್ಗಿದೆ, ಮುದ್ದೆ ಅನ್ನ ತಿಂದುಕೊಂಡು ಇರುತ್ತದೆ, ಕಿವಿಯಂತೂ ಬಹಳ ಚುರುಕು. ತಾಯಿ ಹಾಲು ಬಿಟ್ಟ ಮೇಲೆ, ಎರಡು ತಿಂಗಳು ತುಂಬಿದ ಮರಿ ತನ್ನಿ. ಪಾರ್ವೊ (ಮರಿಗಳಿಗೆ ಬರುವ ವಾಂತಿ-ಭೇದಿ ರೋಗ), ಡಿಸ್ಟೆಂಪರ್ ಲಸಿಕೆ ಆಗಲೇ ಶುರು ಮಾಡಿ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಆಮೇಲೆ ಡಾಕ್ಟರ್ ಹೇಳಿದ ದಿನಕ್ಕೆ ಬೂಸ್ಟರ್, ಮತ್ತೆ ವರ್ಷ ವರ್ಷ. ಗಂಡಾಗಲಿ ಹೆಣ್ಣಾಗಲಿ ಸಂತಾನಹರಣ ಚಿಕಿತ್ಸೆ ಮಾಡಿಸಿ, ಬೆದೆ ಕಾಲದಲ್ಲಿ ರಾತ್ರಿ ತಪ್ಪಿಸಿಕೊಂಡು ಹೋಗುವುದು ಕಡಿಮೆ ಆಗುತ್ತದೆ. ಮರಿ ಬಂದ ಮೊದಲ ದಿನದಿಂದಲೇ ಸಂಜೆಯ ಊಟವನ್ನು ಗೂಡಿನೊಳಗೇ ಹಾಕಿ. ಆಗ ದೀಪ ಹಚ್ಚುವ ಹೊತ್ತಿಗೆ ಅದನ್ನು ಕರೆಯಲೇ ಬೇಕಾಗಲ್ಲ, ತಾನಾಗಿಯೇ ಒಳಗೆ ಹೋಗಿ ಕೂರುತ್ತದೆ. ನೀವು ಚಿಲಕ ಹಾಕಿದರೆ ಆಯಿತು.