ಆ ಕಪ್ಪನ್ನು ಉಜ್ಜಬೇಡಿ

ಬೆಳ್ಳಿ ಕಪ್ಪಾದರೆ ವಿಭೂತಿ ಹಚ್ಚಿ ಉಜ್ಜುವುದು ನಮ್ಮ ಮನೆಗಳ ರೂಢಿ. ದೀಪಕ್ಕೆ, ಪಂಚಪಾತ್ರೆಗೆ, ಕುಂಕುಮದ ಭರಣಿಗೆ ಅದು ಸರಿ. ಕೆನಡಾದ ಹಳೆಯ ಬೆಳ್ಳಿ ಡಾಲರಿಗೆ ಮಾತ್ರ ಬೇಡ. ಟೊರಾಂಟೊ ಸುತ್ತಮುತ್ತ ನಾಣ್ಯಗಳಿಗೆ ಬೆಲೆ ಕಟ್ಟುವ ಕೆಲಸದಲ್ಲಿ ಇದನ್ನೇ ಹೇಳಿ ಹೇಳಿ ಸಾಕಾಗಿದೆ. ಆದರೂ ಜನ ಫಳಫಳ ಹೊಳೆಯುವ ನಾಣ್ಯ ಮೇಜಿನ ಮೇಲಿಟ್ಟು, "ಹೊಸದರ ಹಾಗೆ ಮಾಡಿ ತಂದಿದ್ದೀನಿ ಸರ್" ಅನ್ನುತ್ತಾರೆ.

ಅಚ್ಚು ಒತ್ತಿದಾಗ ಬೆಳ್ಳಿ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನ ಅತಿ ಸಣ್ಣ ಗೆರೆಗಳು ಮೈಮೇಲೆ ಉಳಿಯುತ್ತವೆ. ದೀಪದ ಕೆಳಗೆ ಓರೆ ಹಿಡಿದು ತಿರುಗಿಸಿದರೆ ಬೆಳಕು ಗಾಡಿಚಕ್ರದಂತೆ ಸುತ್ತುವುದು ಅವುಗಳಿಂದಲೇ. ಸಂಗ್ರಾಹಕರು ದುಡ್ಡು ಕೊಡುವುದು ಆ ಬೆಳಕಿಗೆ. ಉಜ್ಜಿದರೆ ಗೆರೆ ಸವೆದು, ಕೂದಲೆಳೆಯಂಥ ಗೀರು ಬೀಳುತ್ತದೆ. ಆಮೇಲೆ ಉಳಿಯುವುದು ಚಮಚದ ಹೊಳಪು. ಕಪ್ಪು ಕೊಳೆಯಲ್ಲ, ಗಾಳಿಯ ಗಂಧಕ ಬೆಳ್ಳಿಯ ಜೊತೆ ಸೇರಿ ಆದ ತೆಳು ಪದರ. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೂ ಉಜ್ಜಿದ ಹಾಗೆಯೇ.

ದೀಪಾವಳಿ ಕಳೆದ ಮೇಲೆ ಬ್ರಾಂಪ್ಟನ್‌ನಿಂದ ಒಬ್ಬ ಅಮ್ಮ ಬಂದಿದ್ದರು. ಪಕ್ಕದ ಮನೆಯ ಅಜ್ಜಿ ಊರು ಬಿಡುವಾಗ ಕೊಟ್ಟ ಡಾಲರುಗಳನ್ನು ಲಕ್ಷ್ಮೀಪೂಜೆಗೆಂದು ಬೆಳಗಿದ್ದರು. 1958ರ ಟೋಟೆಮ್ ಕಂಬದ್ದು, 1967ರ ಹಾರುವ ಹೆಬ್ಬಾತಿನದು ಲಕ್ಷಗಟ್ಟಲೆ ಅಚ್ಚಾದವು; ಸಾಮಾನ್ಯವಾಗಿ ಒಳಗಿನ 18.7 ಗ್ರಾಂ ಬೆಳ್ಳಿಯ ಬೆಲೆಯ ಆಸುಪಾಸಿನಲ್ಲೇ ಇರುತ್ತವೆ. 1968ರದು ಅಯಸ್ಕಾಂತಕ್ಕೆ ಅಂಟಿತು, ನಿಕ್ಕಲ್. ಕೊನೆಯದು 1948.

ಆ ಇಸವಿಗೂ ನಮಗೂ ನಂಟಿದೆ. ನಾಣ್ಯದ ಮೇಲಿನ ಬ್ರಿಟನ್ ರಾಜ ಆರನೆಯ ಜಾರ್ಜ್ ತಲೆಯ ಸುತ್ತ 'ಭಾರತದ ಚಕ್ರವರ್ತಿ' ಎಂದು ಲ್ಯಾಟಿನ್‌ನಲ್ಲಿ ಇರುತ್ತಿತ್ತು. ನಮಗೆ ಸ್ವಾತಂತ್ರ್ಯ ಬಂತು, ಆ ಬಿರುದು ತೆಗೆಯಬೇಕಾಯಿತು. ಹೊಸ ಅಚ್ಚು ಬರುವುದು ತಡವಾಗಿ, ಅಷ್ಟು ದಿನ 1947ರ ಪಕ್ಕ ಪುಟ್ಟ ಮೇಪಲ್ ಎಲೆ ಸೇರಿಸಿ ಒತ್ತಿದರು. 1948 ಎಂದೇ ಇರುವ ಡಾಲರು ಅಚ್ಚಾದದ್ದು 18,780 ಮಾತ್ರ.

ನಕಲಿಗಳೂ ಇರುವುದರಿಂದ ತೂಗಿದೆ. 23.3 ಗ್ರಾಂ, ಇರಬೇಕಾದಷ್ಟೇ. ಅಕ್ಷರ, ಅಂಚು ಎಲ್ಲ ಸರಿಯಿತ್ತು. ಅಸಲಿಯೇ ಇರಬೇಕು, ಪ್ರಮಾಣೀಕರಿಸಿಕೊಳ್ಳದೆ ಖಚಿತವಾಗಿ ಹೇಳಲಾರೆ. ಆದರೆ ಭೂತಗನ್ನಡಿಯಡಿ ರಾಜನ ಕೆನ್ನೆ ತುಂಬಾ ಗೀರು. ಬೆಳ್ಳಿಯ ಬೆಲೆಗಿಂತ ಈಗಲೂ ಎಷ್ಟೋ ಹೆಚ್ಚು ಸಿಗುತ್ತದೆ, ನಿಜ. ಮುಟ್ಟದೆ ಬಿಟ್ಟಿದ್ದರೆ ಸಿಗುತ್ತಿದ್ದುದನ್ನು ಆ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ.

"ಹಾಗೇ ಇಟ್ರೆ ಮತ್ತೆ ಕಪ್ಪಾಗಲ್ವಾ ಸರ್?"

"ಕಪ್ಪಾಗುತ್ತಮ್ಮ. ಹೋದ ಗೆರೆ ಬರಲ್ಲ."

ಮನೆಯಲ್ಲಿ ಇನ್ನೂ ಎರಡು, ಅಜ್ಜಿ ಕೊಟ್ಟ ಕರ್ಚೀಫಿನ ಗಂಟಿನಲ್ಲೇ ಇವೆಯಂತೆ. ಗಂಟು ಬಿಚ್ಚದೆ ತನ್ನಿ ಅಂದಿದ್ದೇನೆ.