ಮಂಗಳವಾರ ಮಧ್ಯಾಹ್ನ ಬೆಂಕಿ ಬಿದ್ದರೆ ಯಾರು ಬರುತ್ತಾರೆ?

ಅಮೆರಿಕದ ಪೆನ್ಸಿಲ್ವೇನಿಯಾದ ಸಣ್ಣ ಊರಲ್ಲಿ ಮನೆಗೆ ಬೆಂಕಿ ಬಿದ್ದು 911ಕ್ಕೆ ಫೋನ್ ಮಾಡಿದರೆ, ಬರುವವರು ಹೆಚ್ಚಾಗಿ ಸಂಬಳದವರಲ್ಲ. ಪಕ್ಕದ ಬೀದಿಯ ಪ್ಲಂಬರ್, ಶಾಲೆಯ ಮೇಷ್ಟ್ರು, ಹಸು ಸಾಕುವ ರೈತ, ಜೊತೆಗೆ ನನ್ನಂಥ ಒಬ್ಬ ಸಾಫ್ಟ್‌ವೇರ್‌ನವನು. "ಅಷ್ಟು ದುಡ್ಡಿರೋ ದೇಶ, ಫೈರ್‌ನವರಿಗೆ ಸಂಬಳ ಕೊಡಲ್ವಾ?" ಅಂತ ಊರಿನ ನೆಂಟರು ಕೇಳುತ್ತಾರೆ. ದೊಡ್ಡ ನಗರಗಳಲ್ಲಿ ಕೊಡುತ್ತಾರೆ. ಆದರೆ ಇಡೀ ದೇಶದ ಲೆಕ್ಕ ತೆಗೆದರೆ ಬೆಂಕಿ ಆರಿಸುವವರಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಸ್ವಯಂಸೇವಕರೇ.

ಇದು ಹಳೆಯ ಪದ್ಧತಿ. 1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು ಫಿಲಡೆಲ್ಫಿಯಾದಲ್ಲಿ ಯೂನಿಯನ್ ಫೈರ್ ಕಂಪನಿ ಅನ್ನುವ, ಬೆಂಕಿ ಆರಿಸುವ ಸ್ವಯಂಸೇವಕರ ಸಂಘ ಶುರು ಮಾಡಿದರು. ಸದಸ್ಯರು ಮೂವತ್ತು ಜನ. ಪ್ರತಿಯೊಬ್ಬರೂ ಚರ್ಮದ ಬಕೆಟ್ ಮತ್ತು ಗಟ್ಟಿ ಚೀಲಗಳನ್ನು ಸಿದ್ಧವಾಗಿ ಇಟ್ಟುಕೊಂಡಿರಬೇಕಿತ್ತು. ಬಕೆಟ್ ನೀರಿಗೆ, ಚೀಲ ಉರಿಯುವ ಮನೆಯ ಸಾಮಾನು ಹೊರಗೆ ಸಾಗಿಸಲಿಕ್ಕೆ. ತಿಂಗಳಿಗೊಮ್ಮೆ ಸಂಜೆ ಸೇರಿ ಹರಟೆ ಹೊಡೆಯುತ್ತಾ ಬೆಂಕಿಯ ವಿಷಯ ಚರ್ಚಿಸುತ್ತಿದ್ದರು. ಬಾರದವರಿಗೆ ದಂಡ. ಆ ದಂಡದ ದುಡ್ಡಿನಲ್ಲೇ ಏಣಿ, ಪಂಪು ಕೊಂಡರು. ಒಟ್ಟಿಗೆ ಕೂರುವುದು ಮತ್ತು ಬೆಂಕಿ ಆರಿಸುವುದು ಆಗಿನಿಂದಲೂ ಒಂದೇ ಕೆಲಸದ ಎರಡು ಭಾಗ. ಆಮೇಲೆ ಅದೇ ಊರಲ್ಲಿ ಇಂಥ ಕಂಪನಿಗಳು ಜಾಸ್ತಿಯಾಗಿ, ಬೀದಿಯಲ್ಲೇ ಪರಸ್ಪರ ಹೊಡೆದಾಡಿಕೊಂಡವು. 1871ರಲ್ಲಿ ನಗರಾಡಳಿತವೇ ಸಂಬಳದ ಪಡೆ ಕಟ್ಟಿತು. ಸಣ್ಣ ಊರುಗಳಲ್ಲಿ ಮಾತ್ರ ಹಳೆಯ ರೀತಿಯೇ ಉಳಿಯಿತು.

ಕೆಲಸ ಹೇಗೆ ನಡೆಯುತ್ತದೆ ಅಂದರೆ, ಸೊಂಟದ ಪೇಜರ್, ಅಂದರೆ ಕರೆ ಬಂದದ್ದು ತಿಳಿಸುವ ಸಣ್ಣ ಯಂತ್ರ, ಕೂಗುತ್ತದೆ. ಇದ್ದಲ್ಲಿಂದಲೇ ಎದ್ದು ಸ್ವಂತ ಕಾರಿನಲ್ಲಿ ಅಗ್ನಿಶಾಮಕ ಠಾಣೆಗೆ ಓಡಬೇಕು. ಕಾರಿಗೆ ನೀಲಿ ದೀಪ ಹಾಕಿಕೊಳ್ಳಬಹುದು. ಆದರೆ ಅದು ದಾರಿ ಬಿಡಿ ಎಂಬ ಕೋರಿಕೆ ಅಷ್ಟೆ, ಕೆಂಪು ಸಿಗ್ನಲ್ ದಾಟಲು ಪರವಾನಗಿ ಅಲ್ಲ. ಠಾಣೆಯಲ್ಲಿ ಉಡುಪು ತೊಟ್ಟು, ಲಾರಿ ಓಡಿಸುವವನು ಬಂದ ಮೇಲೆ ಹೊರಡುವುದು. ಇಬ್ಬರು ಮನೆಯೊಳಗೆ ಹೋದರೆ ಅವರನ್ನು ಎಳೆದು ತರಲು ಇಬ್ಬರು ಹೊರಗೆ ತಯಾರಾಗಿ ನಿಂತಿರಬೇಕು. ಒಳಗೆ ಯಾರಾದರೂ ಸಿಕ್ಕಿಕೊಂಡಿರುವುದು ಗೊತ್ತಿದ್ದರೆ ಮಾತ್ರ ಇದಕ್ಕೆ ವಿನಾಯಿತಿ. ಅಂದರೆ ಕನಿಷ್ಠ ನಾಲ್ಕು ಜನ.

ಸ್ವಯಂಸೇವಕ ಪಡೆಗಳಿಗೆ ಎನ್‌ಎಫ್‌ಪಿಎ ಎಂಬ ಅಗ್ನಿ ಸುರಕ್ಷತೆಯ ಸಂಸ್ಥೆ ಹಾಕಿಕೊಟ್ಟ ಗುರಿ ಒಂದಿದೆ. ಹಳ್ಳಿಗಾಡಿನಲ್ಲಿ ಆರು ಜನ 14 ನಿಮಿಷದೊಳಗೆ ಸ್ಥಳದಲ್ಲಿರಬೇಕು, ನೂರಕ್ಕೆ 80 ಸಲವಾದರೂ. ಈಗ ಇನ್ನೊಂದು ಲೆಕ್ಕ ನೋಡಿ. ಸುರಕ್ಷತೆ ಪರೀಕ್ಷಿಸುವ ಯುಎಲ್ ಸಂಸ್ಥೆಯವರು ಎರಡು ಕೋಣೆ ಸಜ್ಜು ಮಾಡಿ ಬೆಂಕಿ ಇಟ್ಟು ನೋಡಿದರು. ಹಳೆಯ ಕಾಲದ ಮರ, ಹತ್ತಿಯ ಸಾಮಾನಿದ್ದ ಕೋಣೆ ಪೂರ್ತಿ ಹೊತ್ತಿಕೊಳ್ಳಲು 29 ನಿಮಿಷ ಹಿಡಿಯಿತು. ಫೋಮ್ ಸೋಫಾ, ಪಾಲಿಯೆಸ್ಟರ್ ಪರದೆ ಇದ್ದ ಈಗಿನ ಕೋಣೆ ಐದು ನಿಮಿಷವೂ ಆಗುವ ಮೊದಲೇ ಪೂರ್ತಿ ಉರಿಯಿತು. ಹದಿನಾಲ್ಕೆಲ್ಲಿ, ಐದೆಲ್ಲಿ! ಹಾಗಾಗಿ ನಾನು ಎಲ್ಲಿ ಪಾಠ ಮಾಡಿದರೂ ಮೊದಲು ಹೇಳುವುದು ಬಾಗಿಲಿನ ವಿಷಯ. ಮಲಗುವಾಗ ಕೋಣೆಯ ಬಾಗಿಲು ಮುಚ್ಚಿಕೊಳ್ಳಿ. ಹೊರಗೆ ಓಡುವಾಗಲೂ ಬಾಗಿಲು ಎಳೆದುಕೊಂಡು ಹೋಗಿ. ಮುಚ್ಚಿದ ಬಾಗಿಲು ಹೊಗೆಯನ್ನು ಸಾಕಷ್ಟು ಹೊತ್ತು ತಡೆಯುತ್ತದೆ. ನಾವು ಬರುವವರೆಗೆ ನಿಮಗೆ ಬೇಕಾಗುವುದು ಆ ಹೊತ್ತೇ.

ಇನ್ನು ನೀರು. ಹಳ್ಳಿ ಕಡೆ ಹೈಡ್ರಂಟ್, ಅಂದರೆ ಬೆಂಕಿ ಆರಿಸಲು ರಸ್ತೆ ಬದಿಯಲ್ಲಿ ಇಟ್ಟ ನೀರಿನ ನಲ್ಲಿ, ಇರುವುದಿಲ್ಲ. ನಮ್ಮ ಪಂಪರ್ ಲಾರಿಯಲ್ಲಿ 1000 ಗ್ಯಾಲನ್, ಅಂದರೆ ಸುಮಾರು 3800 ಲೀಟರ್. ಒಂದು ಪೈಪು ನಿಮಿಷಕ್ಕೆ 150 ಗ್ಯಾಲನ್ ಬಿಟ್ಟರೆ ಏಳು ನಿಮಿಷದೊಳಗೆ ಟ್ಯಾಂಕ್ ಖಾಲಿ. ಅದಕ್ಕೇ ಮಡಚುವ ದೊಡ್ಡ ತೊಟ್ಟಿಯನ್ನು ರಸ್ತೆಯಲ್ಲಿ ಬಿಚ್ಚಿಡುತ್ತೇವೆ. ಅಕ್ಕಪಕ್ಕದ ಊರುಗಳ ಟ್ಯಾಂಕರ್‌ಗಳು ಕೆರೆಯಿಂದ ನೀರು ತಂದು ಸುರಿಯುತ್ತಾ ಇರುತ್ತವೆ. ಒಂದು ಟ್ಯಾಂಕರ್ ತಡವಾದರೂ ಒಳಗಿನವನ ಕೈಯಲ್ಲಿ ಪೈಪು ಸೊರಗುತ್ತದೆ. ಫೋಟೋದಲ್ಲಿ ಬರುವವನು ಪೈಪು ಹಿಡಿದವನು. ಆದರೆ ಅವನ ಜೀವ ಇರುವುದು ಟ್ಯಾಂಕರ್ ಓಡಿಸುವ, ಪಂಪ್ ನೋಡಿಕೊಳ್ಳುವ, ರಸ್ತೆಯಲ್ಲಿ ವಾಹನ ತಡೆಯುವ ಜನರ ಕೈಯಲ್ಲಿ. ಆ ಕೆಲಸಕ್ಕೆ ಕಟ್ಟುಮಸ್ತಾದ ಇಪ್ಪತ್ತರ ಹುಡುಗನೇ ಆಗಬೇಕೆಂದಿಲ್ಲ.

ನಿಜ ಹೇಳಬೇಕೆಂದರೆ, ದೊಡ್ಡ ಬೆಂಕಿ ಅಪರೂಪ. ಬಹುಪಾಲು ಕರೆ ಕಾರು ಅಪಘಾತ, ಬಿದ್ದ ವಿದ್ಯುತ್ ತಂತಿ, ಗ್ಯಾಸ್ ವಾಸನೆ, ಸುಮ್ಸುಮ್ನೆ ಕೂಗಿದ ಅಲಾರಂ. ಈ ಕೊನೆಯದರಲ್ಲಿ ಇಲ್ಲಿನ ನಮ್ಮ ಕನ್ನಡದವರ ಪಾಲೂ ಇದೆ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ ಕೂಡಲೇ ಹೊಗೆ ಅಲಾರಂ ಬಡಿದುಕೊಳ್ಳುತ್ತದೆ, ಬೇಸತ್ತು ಬ್ಯಾಟರಿ ಕಿತ್ತಿಡುತ್ತಾರೆ. ದಯವಿಟ್ಟು ಕೀಳಬೇಡಿ. ಒಲೆಯಿಂದ ಹತ್ತು ಅಡಿ ಆಚೆ ಹಾಕಿಸಿ, ಬೆಳಕಿನ ಕಿರಣದಿಂದ ಹೊಗೆ ಗುರುತಿಸುವ ಫೋಟೋಎಲೆಕ್ಟ್ರಿಕ್ ಮಾದರಿ ಕೇಳಿ ಕೊಳ್ಳಿ, ಹತ್ತು ವರ್ಷವಾದರೆ ಬದಲಾಯಿಸಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಒಲೆ ಆರಿಸಿ, ಮುಚ್ಚಳ ಮುಚ್ಚಿ. ನೀರು ಹಾಕಿದರೆ ಉರಿಯುವ ಎಣ್ಣೆ ಚಾವಣಿವರೆಗೂ ಹಾರುತ್ತದೆ.

ಠಾಣೆಗೆ ಹೊಸದಾಗಿ ಬಂದವರಿಗೆ ವಿಚಿತ್ರ ಅನ್ನಿಸುವುದು ಉಳಿದ ವ್ಯವಹಾರ. ಭಾನುವಾರ ಪ್ಯಾನ್‌ಕೇಕ್ ತಿಂಡಿ, ಬೇಸಿಗೆಯಲ್ಲಿ ಚಿಕನ್ ಬಾರ್ಬೆಕ್ಯೂ, ವಾರಕ್ಕೊಮ್ಮೆ ಬಿಂಗೊ ಎಂಬ ಅಂಕಿಯಾಟ, ಡಿಸೆಂಬರ್‌ನಲ್ಲಿ ಲಾರಿ ಮೇಲೆ ಸಾಂತಾ. ಮದುವೆಗೆ ಹಾಲ್ ಬಾಡಿಗೆಗೂ ಕೊಡುತ್ತೇವೆ. ಹೊಸ ಪಂಪರ್ ಲಾರಿಗೆ ಐದು ಲಕ್ಷ ಡಾಲರ್‌ಗೂ ಮೇಲೆ ಬೇಕು, ತೆರಿಗೆಯ ದುಡ್ಡು ಸಾಲುವುದಿಲ್ಲ. ಆದರೆ ದುಡ್ಡೊಂದೇ ಕಾರಣ ಅಲ್ಲ. ಯಾರು ಗಾಬರಿಯಾಗುತ್ತಾರೆ, ಯಾರು ಹೇಳಿದ್ದನ್ನು ಕೇಳುತ್ತಾರೆ ಅನ್ನುವುದು ಮುನ್ನೂರು ಜನಕ್ಕೆ ತಿಂಡಿ ಬಡಿಸುವಾಗ ಚೆನ್ನಾಗಿ ಗೊತ್ತಾಗುತ್ತದೆ. ಹೊಸ ಸದಸ್ಯರು ಸಿಗುವುದೂ ಅಲ್ಲೇ.

ಸಿಗುವುದು ಕಡಿಮೆಯಾಗಿದೆ. 1970ರ ದಶಕದಲ್ಲಿ ಪೆನ್ಸಿಲ್ವೇನಿಯಾದಲ್ಲಿ ಸುಮಾರು 3 ಲಕ್ಷ ಸ್ವಯಂಸೇವಕರಿದ್ದರು. 2018ರ ಸರ್ಕಾರಿ ವರದಿಯ ಹೊತ್ತಿಗೆ ಸುಮಾರು 38 ಸಾವಿರ. "ಈಗಿನ ಹುಡುಗರಿಗೆ ಸೇವಾಭಾವ ಇಲ್ಲ" ಅಂತ ಹಿರಿಯರು ಗೊಣಗುತ್ತಾರೆ. ನಾನು ಒಪ್ಪುವುದಿಲ್ಲ. ಆಗ ಊರಲ್ಲೇ ಕಾರ್ಖಾನೆ ಇತ್ತು. ಸೈರನ್ ಕೂಗಿದರೆ ಮಾಲೀಕನೇ ಕಳಿಸುತ್ತಿದ್ದ. ಈಗ ಕೆಲಸ ನಲವತ್ತು ಮೈಲಿ ದೂರ, ಗಂಡ ಹೆಂಡತಿ ಇಬ್ಬರೂ ದುಡಿಯಬೇಕು, ತರಬೇತಿಗೆ ನೂರೈವತ್ತು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ರಾತ್ರಿ ಕರೆಗೆ ಲಾರಿ ತುಂಬ ಜನ. ಮಂಗಳವಾರ ಮಧ್ಯಾಹ್ನ ಎರಡಕ್ಕೆ ಮೂವರು, ಅದರಲ್ಲಿ ಒಬ್ಬರು ಎಪ್ಪತ್ತು ದಾಟಿದವರು.

ಆ ಹೊತ್ತಿಗೆ ಊರಲ್ಲೇ ಇರುವವರು ಯಾರು ಅಂತ ಯೋಚಿಸಿದಾಗ ನನಗೆ ಹೊಳೆದದ್ದು ಮನೆಯಿಂದ ಕೆಲಸ ಮಾಡುವ ನಮ್ಮ ಕನ್ನಡದ ಐಟಿ ಜನ. ಉಗಾದಿ ಕಾರ್ಯಕ್ರಮಕ್ಕೆ ಇದೇ ಫೈರ್ ಹಾಲ್ ಬಾಡಿಗೆಗೆ ಹಿಡಿಯುತ್ತೇವೆ, ಆದರೆ ಪಕ್ಕದ ಶೆಡ್ಡಿನಲ್ಲಿ ನಿಂತ ಲಾರಿಯನ್ನು ಯಾರೂ ಹತ್ತಿ ನೋಡುವುದಿಲ್ಲ. ಉಡುಪು, ಶಿರಸ್ತ್ರಾಣ ಫೈರ್ ಕಂಪನಿಯೇ ಕೊಡುತ್ತದೆ. ತರಗತಿ ಸಂಜೆ ಮತ್ತು ವಾರಾಂತ್ಯದಲ್ಲಿ. ಮನೆಯೊಳಗೆ ನುಗ್ಗಲು ಮನಸ್ಸಿಲ್ಲದವರು ಪಂಪ್ ಕಲಿಯಬಹುದು, ಖಜಾಂಚಿಯ ಲೆಕ್ಕ ಬರೆಯಬಹುದು. ಆದರೆ ಸೇರುವ ಮೊದಲು ನಿಮ್ಮ ಮ್ಯಾನೇಜರ್ ಹತ್ತಿರ ಮಾತಾಡಿ. ಮೀಟಿಂಗ್ ನಡುವೆ ಎದ್ದು ಹೋಗಲು ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಒಪ್ಪದಿದ್ದರೆ ಸಂಜೆ ಪಾಳಿಗೆ ಹೆಸರು ಕೊಡಿ.